ಅಪಪ್ರಚಾರ ಎಂಬ ಪದ ಕಲಿತ ಬಗೆ

ಇವತ್ತು ಬೆಳಿಗ್ಗೆ ನಮ್ಮ ಅಡ್ಯಾರಿನ ಬೀದಿಯಲ್ಲಿ ಚುನಾವಣೆಯ ಆಟೋ ಒಂದು ಮೈಕಿನಲ್ಲಿ ಕೂಗುತ್ತ ಹೋಯಿತು. ಮಗಳು ಕಿವಿ ಮುಚ್ಚಿಕೊಂಡು, "ಅಪ್ಪಾ, ಪರಪ್ಪುರೈಗೆ ಕನ್ನಡದಲ್ಲಿ ಎನ್ನ?" ಎಂದಳು. ತಮಿಳರ ನಾಡಿನಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡದಲ್ಲಿ ಅರ್ಧ ತಮಿಳೇ.

"ಪ್ರಚಾರ."

"ಸುಳ್ಳು ಹೇಳಿದ್ರೂ ಅದೇನಾ?"

"ಅದು ಅಪಪ್ರಚಾರ" ಎಂದೆ. ನೋಡಿ, ಕೆಲವು ಪದಗಳನ್ನು ನಾವು ನಿಘಂಟಿನಿಂದ ಕಲಿತಿರುವುದಿಲ್ಲ.

ನನ್ನ ದೊಡ್ಡಪ್ಪ ವಡಪಳನಿಯಲ್ಲಿ ಮೆಸ್ ನಡೆಸುತ್ತಿದ್ದರು. ಮನೆ ಅದರ ಮಹಡಿಯಲ್ಲೇ. ಸಿನಿಮಾ ಸ್ಟುಡಿಯೋ ಕೆಲಸಗಾರರಿಗೆಲ್ಲ ಊಟ ಅಲ್ಲಿ. ಪ್ರಚಾರವೆಂದರೆ ದೊಡ್ಡಪ್ಪನಿಗೆ ಹರಿಕಥೆ, ಧರ್ಮಬೋಧೆ. ಒಳ್ಳೆಯ ಮಾತು ಊರೂರು ನಡೆದು ಹೋಗುವುದು. ಕೆಟ್ಟ ಮಾತಿಗೂ ಕಾಲಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಅವರ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ ನನಗಂತೂ ಎಲ್ಲ ತಿಳಿದಿತ್ತು, ಪರೀಕ್ಷೆಗೆ ಬರುವುದೊಂದನ್ನು ಬಿಟ್ಟು.

ಆ ವರ್ಷ ಕಾವೇರಿ ಜಗಳ ಕಾವೇರಿತ್ತು. ಒಂದು ಮಧ್ಯಾಹ್ನ ಮೆಸ್ಸಿಗೆ ಅರ್ಧ ಜನ ಬರಲಿಲ್ಲ. ಮರುದಿನ ಒಬ್ಬರೂ ಇಲ್ಲ. ವಿಷಯ ಇಷ್ಟೇ: ಕರ್ನಾಟಕದಲ್ಲಿ ತಮಿಳರಿಗೆ ಏಟು ಬಿದ್ದ ಸುದ್ದಿ ಕೇಳಿ ದೊಡ್ಡಪ್ಪ ಪಾಯಸ ಹಂಚಿದರಂತೆ! ಪಾಯಸ ಹಂಚಿದ್ದೇನೋ ನಿಜ. ಅದು ಬಾಣಂತನಕ್ಕೆ ಬಂದಿದ್ದ ದೊಡ್ಡಪ್ಪನ ಮಗಳ ಮಗುವಿನ ನಾಮಕರಣಕ್ಕೆ.

"ಹೋಗಿ ಎಲ್ಲಾರ್ಗೂ ಹೇಳಿ ಬರ್ತೀನಿ" ಎಂದು ದೊಡ್ಡಪ್ಪ ಎದ್ದರು.

"ಎಷ್ಟು ಮನೆಗೆ ಅಂತ ಹೋಗ್ತೀರಿ?" ಎಂದರು ದೊಡ್ಡಮ್ಮ.

ಶಟರ್ ಅರ್ಧ ಇಳಿಸಿ ಕೂತೆವು. ಹೊರಗೆ ಬೈಕು ನಿಂತರೆ ಉಳಿದರ್ಧವನ್ನೂ ಇಳಿಸುತ್ತಿದ್ದೆವು. ಮನೆಯೊಳಗೂ ಕನ್ನಡ ಪಿಸುಮಾತಾಯಿತು.

ಕೊನೆಗೆ ಒಂದು ದಿನ ಊಟದ ಹೊತ್ತಿಗೆ ದೊಡ್ಡಮ್ಮ ತಾವೇ ಶಟರ್ ಎತ್ತಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಾದು ಹೋಗುವವರಿಗೆಲ್ಲ ಒಂದೇ ಮಾತು: "ಇವಳುಕ್ಕುದಾನ್ ಪಾಯಸಂ." ಇವಳಿಗೇ ಆ ಪಾಯಸ. ಕೆಲವರು ಮುಖ ತಿರುಗಿಸಿದರು. ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ಸೆಲ್ವಿಯಕ್ಕ ಮಾತ್ರ ನಿಂತು, "ಕುಡುಂಗಮ್ಮಾ" ಎಂದು ಕೈಚಾಚಿ ಕೇಳಿ ಮಗುವನ್ನು ಎತ್ತಿಕೊಂಡು, ಒಳಗೆ ಬಂದು ಎಲೆಯ ಮುಂದೆ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಅಲ್ಲ.

ಸುಳ್ಳು ಹುಟ್ಟಿದ್ದು ಯಾರ ಬಾಯಲ್ಲಿ ಎಂದು ತಿಳಿಯಲೇ ಇಲ್ಲ. ದೊಡ್ಡಪ್ಪ ಮೆಸ್ಸಿನ ಬೋರ್ಡಿನ ಕನ್ನಡ ಅಕ್ಷರಗಳನ್ನು ಬಣ್ಣ ಬಳಿಸಿ ಮುಚ್ಚಿಸಿದರು. ಮತ್ತೆ ಬರೆಸಲಿಲ್ಲ.

ಇಷ್ಟು ಕೇಳಿದ ಮಗಳು ತನ್ನ ಫೋನ್ ನನ್ನ ಮುಂದೆ ಹಿಡಿದಳು. ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಬಗ್ಗೆ ಯಾರೋ ಬರೆದ ಕೆಟ್ಟ ಮಾತನ್ನು ಇವಳೂ ನಾಲ್ಕು ಜನಕ್ಕೆ ಕಳಿಸಿದ್ದಳು.

"ನಿಜಾನಾ ಇದು?"

"ಗೊತ್ತಿಲ್ಲಪ್ಪಾ."

ಅಳಿಸಿದಳು. ಅಷ್ಟರಲ್ಲಿ ಅದು ಎಲ್ಲೆಲ್ಲಿ ಮುಟ್ಟಿತ್ತೋ. "ಅವಳಿಗೆ ಫೋನ್ ಮಾಡ್ಲಾ?" ಎಂದಳು.

"ಮಾಡು."

ಆ ಕಡೆ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮಗಳು ಮತ್ತೆ ಒತ್ತಿದಳು.