ಇಪ್ಪತ್ತನಾಲ್ಕರ ಮೊಳೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದಸರಾ ರಜೆ ಮುಗಿದು ಆ ದಿನವೇ ಕಾಲೇಜು ತೆರೆದಿತ್ತು. ನನ್ನ ಪಾಠಕ್ಕೆ ಇನ್ನೂ ಹೊತ್ತಿದೆಯೇ ಎಂದು ಆಗಷ್ಟೇ ಮೊಬೈಲ್ ನೋಡಿದ್ದೆ. ಹಾಗಾಗಿ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಅನಾಹುತ ಶುರುವಾಗಿದ್ದು ಆಗಲೇ ಎಂದು ಮೂರು ವರ್ಷ ಎಲ್ಲರಿಗೂ ಹೇಳುತ್ತ ಬಂದೆ.

ಹೋದ ವಾರ ಹೂಟಗಳ್ಳಿ ಕಡೆ ಸ್ಕೂಟರಿನಲ್ಲಿ ಹೋಗುವಾಗ ಗೇಟು, ಗ್ರಿಲ್ ಮಾಡುವ ಅಂಗಡಿಯೊಂದರಿಂದ ಕೊಯ್ದ ಕಬ್ಬಿಣದ ವಾಸನೆ ಬಂತು. ಕಾದ ಎಣ್ಣೆ, ಬಿಸಿ ಲೋಹ ಎರಡೂ ಸೇರಿದ ವಾಸನೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಂತೆ.

ಆಗ ನಾನು ಬೋಗಾದಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಮಾಲೀಕರು, ಗಂಡ ಹೆಂಡತಿ ಇಬ್ಬರೇ. ಯಜಮಾನರು ಐಟಿಐನಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾಗಿದ್ದರು. ಬೀದಿಗೆಲ್ಲ ಅವರು ಮೇಷ್ಟ್ರು, ಅವರ ಹೆಂಡತಿ ನನಗೆ ಆಂಟಿ. ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಒಂದು ಸಣ್ಣ ಬ್ಯಾಂಡ್‌ಸಾ ಇಟ್ಟುಕೊಂಡಿದ್ದರು. ಎರಡು ಚಕ್ರಗಳ ಮೇಲೆ ಉದ್ದನೆಯ ಗರಗಸದ ಪಟ್ಟಿ ಬಳೆಯ ಹಾಗೆ ಸುತ್ತುತ್ತಲೇ ಇರುವ ಯಂತ್ರ ಅದು. ಬೀದಿಯವರ ಮುರಿದ ಗೇಟು, ಕುಂಟುವ ಮಂಚ, ಮಕ್ಕಳ ಸೈಕಲ್ಲು ಎಲ್ಲ ಅಲ್ಲಿಗೇ ಬರುತ್ತಿದ್ದವು.

ಶೆಡ್ಡಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಮೂರು ಮೊಳೆ. ಒಂದೊಂದರ ಮೇಲೂ ಬಿಳಿ ಪೇಂಟಿನಲ್ಲಿ 10, 14, 24 ಎಂದು ದಪ್ಪಗೆ ಬರೆದಿದ್ದರು. ಒಂದು ಇಂಚಿಗೆ ಎಷ್ಟು ಹಲ್ಲು ಎನ್ನುವ ಲೆಕ್ಕ. ಅವರು ಬ್ಲೇಡನ್ನು ಉದ್ದದ ಸುರುಳಿಯಿಂದ ಕತ್ತರಿಸಿ ಬೆಸುಗೆ ಹಾಕಿಸುತ್ತಿದ್ದುದರಿಂದ ಅದರ ಮೇಲೆ ಏನೂ ಅಚ್ಚಾಗಿರುತ್ತಿರಲಿಲ್ಲ. ಯಾವುದು ಯಾವುದೆಂದು ಹೇಳುತ್ತಿದ್ದುದು ಮೊಳೆ ಒಂದೇ.

“ನೋಡಮ್ಮ,” ಎಂದು ಒಮ್ಮೆ ನನಗೂ ಪಾಠ ಮಾಡಿದ್ದರು. “ದಪ್ಪ ಕಬ್ಬಿಣಕ್ಕೆ ದೊಡ್ಡ ಹಲ್ಲು, ತೆಳ್ಳಗಿನ ಪೈಪಿಗೆ ಸಣ್ಣ ಹಲ್ಲು. ಕುಯ್ಯೋವಾಗ ಮೂರು ಹಲ್ಲಾದ್ರೂ ಕಬ್ಬಿಣದ ಮೇಲೆ ಕೂತಿರ್ಬೇಕು. ಎರಡು ಹಲ್ಲಿನ ಸಂದೀಲಿ ಪೈಪಿನ ಅಂಚು ಸಿಕ್ಕಾಕೊಂತೋ, ಆಮೇಲೆ ಅದು ಕುಯ್ಯಲ್ಲ ಕಣಮ್ಮ, ಹಿಡ್ಕೊಂಡು ಎಳ್ದ್‌ಬುಡುತ್ತೆ.”

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಆಂಟಿ ಸುಮ್ಮನಿರಲಿಲ್ಲ. “ಬಾಚಣಿಗೆ ತನ್ರೀ ಅಂದ್ರೆ ಯಾವ್ದೋ ಒಂದು ತಂದ್‌ಬುಡ್ತಾರೆ. ಆ ಮೆಷಿನ್‌ಗೆ ಮಾತ್ರ ಹಲ್ಲು ಎಣಿಸಿ ಎಣಿಸಿ ತರ್ತಾರೆ.”

“ನಿಂಗಿರೋದು ನಾಕು ಕೂದ್ಲು. ಅದಕ್ಕೆ ಯಾವ ಹಲ್ಲಾದ್ರೇನು ಬುಡು,” ಎಂದರು ಮೇಷ್ಟ್ರು. ಆಂಟಿ ಅವರೆ ಸಿಪ್ಪೆ ಎಸೆದರು. ಅದು ಅವರ ತಲೆಯ ಮೇಲೇ ಬಿತ್ತು.

ಆ ವರ್ಷ ಮೇಷ್ಟ್ರ ಕಣ್ಣಿಗೆ ಪೊರೆ ಬಂದಿತ್ತು. ದಸರಾ ಕಳೆದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಆಯುಧಪೂಜೆಯ ದಿನ ಶೆಡ್ಡು ತೊಳೆದು, ಒಂದೊಂದು ಸಾಮಾನನ್ನೂ ಒರೆಸಿ, ಎಣ್ಣೆ ಸವರಿ, ವಿಭೂತಿ ಕುಂಕುಮ ಇಡುವುದು ಅವರ ಮನೆಯ ರೂಢಿ. ಬ್ಲೇಡುಗಳನ್ನು ಒರೆಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. “ಹೋದ ಮೊಳೆಗೇ ವಾಪಸ್ ಬರ್ಬೇಕಮ್ಮ,” ಎಂದಿದ್ದರು. ಹೂಂ ಎಂದಿದ್ದೆ. ಮೂರನ್ನೂ ಒಟ್ಟಿಗೆ ಇಳಿಸಿ ಒರೆಸುತ್ತ ಕೂತೆ. ಅಷ್ಟರಲ್ಲಿ ಆಂಟಿ ಮಂಗಳಾರತಿಗೆ ಕರೆದರು. ಹೊಸ ಎಣ್ಣೆಯಲ್ಲಿ ಮೂರೂ ಒಂದೇ ಥರ ಹೊಳೆಯುತ್ತಿದ್ದವು. ಬೆರಳಾಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ಓಡುವ ಆತುರದಲ್ಲಿ ಕೈಗೆ ಬಂದ ಹಾಗೆ ನೇತುಹಾಕಿ, ಒಂದೊಂದಕ್ಕೂ ಒಂದೆಳೆ ಸೇವಂತಿಗೆ ಸುತ್ತಿ ಹೋದೆ. ಅನಾಹುತ ಶುರುವಾಗಿದ್ದು ನಿಜವಾಗಿ ಆಗ. ಆ ಹೊತ್ತು ಎಷ್ಟೆಂದು ನಾನು ನೋಡಲಿಲ್ಲ.

ವಿಜಯದಶಮಿಯ ಮಾರನೇ ದಿನ ಅವರು ಮತ್ತೆ ಯಂತ್ರ ಮುಟ್ಟಿದರು. “ಹಬ್ಬ ಆದ್ಮೇಲೆ ಮೊದಲ್ನೇ ಕೆಲಸ ನಿಂದೇ,” ಎಂದು, ನನ್ನ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ತೆಳುವಾದ ಸ್ಟೀಲ್ ಪೈಪು ತಂದಿದ್ದರು. ಚರ್ಮದ ಕೈಗವಸು ಹಾಕಿಕೊಂಡು 24ರ ಮೊಳೆಯಿಂದ ಬ್ಲೇಡು ತೆಗೆದು ಯಂತ್ರಕ್ಕೆ ಕೂರಿಸಿದರು. ಆಮೇಲೆ ಕೈಗವಸು ಕಳಚಿಟ್ಟರು. ತಿರುಗುವ ಯಂತ್ರದ ಹತ್ತಿರ ಕೈಗವಸು ಕೂಡದು ಎನ್ನುವುದು ಅವರು ಹುಡುಗರಿಗೆಲ್ಲ ಹೇಳಿಕೊಡುತ್ತಿದ್ದ ಪಾಠ. ಪೈಪಿನ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ.

ಠಣ್ ಎಂದಿತು. ಪೈಪು ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು, ಅವರ ಎಡಗೈಯನ್ನೂ ಎಳೆದುಕೊಂಡು. ಬ್ಲೇಡು ತುಂಡಾಗಿ ಗೋಡೆಗೆ ಬಡಿಯಿತು. ಅವರು ಕೂಗಲಿಲ್ಲ. “ಸ್ವಿಚ್ಚು, ಸ್ವಿಚ್ಚು” ಎಂದರು ಅಷ್ಟೇ. ನಾನು ಸ್ವಿಚ್ಚನ್ನು ನೋಡುತ್ತಲೇ ನಿಂತಿದ್ದೆ... ಬಲಗೈ ಚಾಚಿ ಆರಿಸಿದವರೂ ಅವರೇ.

ಎದುರು ಮನೆಯವರು ಅವರನ್ನೂ ಆಂಟಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ನೆಲ ಒರೆಸಲು ನಾನು ಉಳಿದೆ. ತುಂಡಾದ ಬ್ಲೇಡು ಎತ್ತಿಕೊಂಡಾಗ ಬೆರಳಿಗೆ ದೊಡ್ಡ ಹಲ್ಲು ತಗುಲಿತು. ತಲೆಯೆತ್ತಿ ನೋಡಿದರೆ ಸಣ್ಣ ಹಲ್ಲಿನದು, ಬಾಡಿದ ಸೇವಂತಿಗೆಯ ಸಮೇತ, 10ರ ಮೊಳೆಯಲ್ಲಿ ತೂಗುತ್ತಿತ್ತು. ಆಗ ನಾನು ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಅದನ್ನು ತೆಗೆದು 24ರ ಮೊಳೆಗೆ ಹಾಕಿದೆ. 10ರ ಮೊಳೆ ಖಾಲಿಯಾಯಿತು.

ಮೇಷ್ಟ್ರಿಗೆ ಎರಡು ಬೆರಳಿನ ತುದಿ ಹೋಯಿತು. ಆಸ್ಪತ್ರೆಯಿಂದ ಬಂದವರು ಕಟ್ಟು ಹಾಕಿದ ಕೈಯಲ್ಲೇ ನೇರವಾಗಿ ಶೆಡ್ಡಿಗೆ ಹೋಗಿ, ತುಂಡಾದ ಬ್ಲೇಡು ಮುಟ್ಟಿ, ಹಲಗೆಯ ಹತ್ತಿರ ಮುಖವಿಟ್ಟು ಬಹಳ ಹೊತ್ತು ನೋಡಿದರು.

“ಹತ್ತರ ಮೊಳೆಗೆ ಕೈ ಹಾಕ್‌ಬುಟ್ಟಿದ್ದೀನಿ ಕಣಮ್ಮ. ಇಪ್ಪತ್ತನಾಲ್ಕು ಅಂತ್ಲೇ ಕಂಡಿತ್ತು ನಂಗೆ. ಸದ್ಯ, ನಿಂಗೇನೂ ಆಗ್ಲಿಲ್ಲ.”

ಬಾಯಿ ತೆರೆದೆ. ಆಂಟಿ ಪಕ್ಕದಲ್ಲೇ ಇದ್ದರು... ಮುಚ್ಚಿದೆ.

ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಅವರಿಗೆ ಕಣ್ಣಿನ ಮೇಲಿನ ನಂಬಿಕೆ ಮರಳಲಿಲ್ಲ. ಬ್ಯಾಂಡ್‌ಸಾವನ್ನು ಹಳೆಯ ಶಿಷ್ಯರೊಬ್ಬರಿಗೆ ಕೊಟ್ಟುಬಿಟ್ಟರು. ಗೇಟು ತಂದವರಿಗೆ “ಬೇರೆ ಕಡೆ ತೋರಿಸಿ” ಎನ್ನುತ್ತಿದ್ದರು. ಮೆಟ್ಟಿಲಿಳಿಯುವಾಗ ಒಂದು ಸಂಜೆ ಮೇಷ್ಟ್ರ ದನಿ ಕೇಳಿಸಿತು: “ಇದು ಬೆಳಿಗ್ಗೆ ಮಾತ್ರೆನೋ ಸಂಜೇದೋ, ಸ್ವಲ್ಪ ನೋಡೇ.” ಕತ್ತಲ ಮೂಲೆಯಲ್ಲಿದ್ದ ಸಾಮಾನನ್ನೂ ಮುಟ್ಟಿ ಇಂಥದ್ದೇ ಎನ್ನುತ್ತಿದ್ದವರು! ನಾನು ಮೆಟ್ಟಿಲಿನಲ್ಲೇ ನಿಂತೆ. ಕೆಳಗಿಳಿದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಆ ತಿಂಗಳ ಕೊನೆಗೆ ಕಾಲೇಜಿಗೆ ದೂರ ಎಂಬ ನೆಪ ಹೇಳಿ ಮನೆ ಬದಲಾಯಿಸಿದೆ.

ಅಲ್ಲಿಂದ ಮುಂದೆ ಒಂದು ರಾತ್ರಿಯೂ ಪೂರ್ತಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಠಣ್ ಎನ್ನುತ್ತಿತ್ತು, ಪೈಪು ಕೈಯಿಂದ ಜಾರುತ್ತಿತ್ತು. ಮುಂದಿನ ಹಬ್ಬಕ್ಕೆ ಹೋಗಿ ಹೇಳುತ್ತೇನೆ, ಬೇಸಿಗೆ ರಜೆಯಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಹೋದ ಮಾಘದಲ್ಲಿ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ತಿಥಿಗೂ ನಾನು ಹೋಗಲಿಲ್ಲ.

ಹೂಟಗಳ್ಳಿಯ ಆ ಅಂಗಡಿಯ ಮುಂದೆ ನಿಂತ ನಾಲ್ಕನೇ ದಿನ, ಭಾನುವಾರ, ಬೋಗಾದಿಗೆ ಹೋದೆ. ಆಂಟಿ ನನ್ನನ್ನು ಕಂಡು ಹಿಗ್ಗಿ, “ಎಷ್ಟು ಬಡವಾಗಿದ್ದೀಯೇ!” ಎಂದು ಒಳಗೆ ಕರೆದರು. ಕೂರುವ ಮೊದಲೇ ಎಲ್ಲ ಹೇಳಿದೆ. ಮಂಗಳಾರತಿಗೆ ಓಡಿದ್ದು, ಮೊಳೆ ಬದಲಿಸಿದ್ದು, ಎಲ್ಲ.

ಅವರು ಅಳಲಿಲ್ಲ. “ಅವ್ರು ಕೊನೇವರ್ಗೂ ಕಾಫಿಗೆ ಸಕ್ಕರೇನೂ ನನ್ ಕೈಲೇ ಹಾಕಿಸ್ಕೊಳ್ಳೋರು,” ಎಂದರು. “ಉಪ್ಪು ಹಾಕ್‌ಬುಡ್ತೀನೇನೋ ಅಂತ.” ಎದ್ದು ಒಳಗೆ ಹೋದರು. ನಾನು ಕಾದೆ. ಅವರು ಬರಲಿಲ್ಲ. ಒಳಗಿನಿಂದ ದನಿ ಮಾತ್ರ ಬಂತು: “ಹೋಗೋವಾಗ ಗೇಟ್ ಹಾಕ್ಕೊಂಡು ಹೋಗಮ್ಮ.”

ಆ ರಾತ್ರಿ ಹತ್ತಕ್ಕೆ ಮಲಗಿದವಳಿಗೆ ಎಚ್ಚರವಾದಾಗ ಹಾಲಿನವನು ಬಂದು ಹೋಗಿದ್ದ, ಬಿಸಿಲು ಮಂಚದವರೆಗೆ ಬಂದಿತ್ತು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಇಡೀ ರಾತ್ರಿ ನಿದ್ದೆ. ಹಾಸಿಗೆಯಲ್ಲೇ ಎದ್ದು ಕೂತೆ. ಯಾರಿಗೆ ಹೇಳಬೇಕಾಗಿತ್ತೋ ಅವರು ಕೇಳದೆಯೇ ಹೋದರು. ಕೇಳಿಸಿಕೊಂಡವರು ಬೋಗಾದಿಯ ಆ ಮನೆಯಲ್ಲಿ ಈಗ ಒಬ್ಬರೇ. ಆ ರಾತ್ರಿ ಅವರಿಗೆ ನಿದ್ದೆ ಬಂತೋ ಇಲ್ಲವೋ... ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.