ಮನೆಮಾತಿನ ಕಾಲಂ

ಮಾಮಿಡಿಗುಂಟೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಒಬ್ಬರೇ ಮೇಡಂ, ಸುನಂದ. ಪಾಠ ಅವರದೇ, ಬೀಗದ ಕೈ ಅವರದೇ, ಬಿಸಿಯೂಟದ ಬೇಳೆ ಬೆಂದಿದೆಯೋ ಇಲ್ಲವೋ ನೋಡುವುದೂ ಅವರದೇ. ಹದಿನೇಳು ವರ್ಷದಿಂದ ಶ್ರೀನಿವಾಸಪುರದ ಬಸ್ಸಿಳಿದು, ಮಾವಿನ ತೋಪುಗಳ ನಡುವೆ ಎರಡು ಕಿಲೋಮೀಟರ್ ನಡೆದು ಬರುತ್ತಿದ್ದರು. ಐದು ತರಗತಿ ಸೇರಿ ಹದಿನಾಲ್ಕು ಮಕ್ಕಳು. ಹದಿನಾಲ್ಕಕ್ಕೆ ಹದಿನಾಲ್ಕೂ ಮನೆಯಲ್ಲಿ ತೆಲುಗು. ಇರಲೇಬೇಕಲ್ಲ, ಆಂಧ್ರದ ಕೋಳಿ ಕೂಗಿದರೆ ಈ ಊರಿಗೆ ಬೆಳಗಾಗುತ್ತದೆ.

ಸುನಂದ ಕೂಡ ಸುಗಟೂರಿನ ರೇಷ್ಮೆ ಬೆಳೆಯುವ ಮನೆಯಲ್ಲಿ ತೆಲುಗಿನಲ್ಲೇ ಅತ್ತು, ತೆಲುಗಿನಲ್ಲೇ ನಕ್ಕು ಬೆಳೆದವರು. ಒಂದನೇ ತರಗತಿಯ ಮೊದಲ ವಾರ ಹೊಟ್ಟೆ ಹಸಿದು "ಆಕಲಿ" ಎಂದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತ್ತು. ಆ ನಗು ನಲವತ್ತು ದಾಟಿದರೂ ಅವರ ಕಿವಿಯಿಂದ ಹೋಗಿರಲಿಲ್ಲ. ನನ್ನ ಮಕ್ಕಳನ್ನು ನೋಡಿ ಯಾರೂ ಹಾಗೆ ನಗಬಾರದು ಎಂದು ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು: ಗೇಟಿನ ಒಳಗೆ ಕನ್ನಡ ಮಾತ್ರ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಮೊಟ್ಟೆ ಕೊಡುವ ದಿನ ಯಾರಾದರೂ "ಗುಡ್ಡು, ಮೇಡಂ" ಎಂದರೆ ಕಿವುಡರ ಹಾಗೆ ನಿಂತುಬಿಡುವರು. "ಮೊಟ್ಟೆ" ಎಂದ ಕೂಡಲೇ ಕಿವಿ ಬರುತ್ತಿತ್ತು. ಮಕ್ಕಳ ಮುಂದೆ ತಾಯಂದಿರ ಜೊತೆಗೂ ಕನ್ನಡವೇ. ಮೇಡಮ್ಮಿಗೆ ತೆಲುಗು ಬರುವುದೇ ಇಲ್ಲ ಎಂದು ಆ ಮಕ್ಕಳು ನಂಬಿಕೊಂಡಿದ್ದವು.

ಈ ಜೂನ್‌ನಲ್ಲಿ ಮಕ್ಕಳ ವಿವರಗಳನ್ನು ಹೊಸ ಆನ್‌ಲೈನ್ ನಮೂನೆಯಲ್ಲಿ ತುಂಬಬೇಕಾಯಿತು. ಊರಲ್ಲಿ ನೆಟ್‌ವರ್ಕ್ ಸಿಗುವುದು ಹಾಲಿನ ಡೈರಿಯ ಜಗಲಿಯ ಮೇಲೆ ಮಾತ್ರ. ಅಲ್ಲಿ ಕೂತು ಒಂದೊಂದೇ ಹೆಸರು ತುಂಬಿದರು. ಮಾತೃಭಾಷೆ ಎಂಬ ಕಾಲಂ ಬಂತು. "ಸುಮ್ನೆ ಕನ್ನಡ ಅಂತ ಹಾಕ್ಬಿಡಿ ಮೇಡಂ, ಎಲ್ರೂ ಹಾಗೇ ಹಾಕೋದು" ಎಂದು ಪಕ್ಕದೂರಿನ ಮೇಷ್ಟ್ರು ಹೇಳಿದ್ದುಂಟು. ದಿನಾ ಮಕ್ಕಳಿಗೆ ಸುಳ್ಳು ಹೇಳಬೇಡಿ ಎನ್ನುವ ಬಾಯಿಗೆ ಬೆರಳಿನಿಂದ ಸುಳ್ಳು ಹೇಳಿಸಲು ಮನಸ್ಸಾಗಲಿಲ್ಲ. ಹದಿನಾಲ್ಕು ಸಲ ತೆಲುಗು ಎಂದು ಒತ್ತಿದರು. ಕೆಳಗೆ ಬೋಧನಾ ಮಾಧ್ಯಮ ಎಂಬ ಇನ್ನೊಂದು ಕಾಲಂ ಇತ್ತು. ಅದು ಮೇಲಿನದನ್ನು ನೋಡಿ ತಾನೇ ತೆಲುಗು ಎಂದು ತುಂಬಿಕೊಂಡಿತು. ಅದು ಅವರ ಕಣ್ಣಿಗೆ ಬೀಳಲಿಲ್ಲ. ನೆಟ್‌ವರ್ಕ್ ಹೋಗುವ ಮೊದಲು ಸಲ್ಲಿಸಿ, ಉಸ್ಸಪ್ಪಾ ಎಂದು ಎದ್ದು ಬಂದರು.

ಆಗಸ್ಟ್‌ನಲ್ಲಿ ಹೆಚ್ಚುವರಿ ಶಿಕ್ಷಕರ ಪಟ್ಟಿ ಬಂತು. ಮಾಮಿಡಿಗುಂಟೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಸೊನ್ನೆ, ಕನ್ನಡ ಮಾಧ್ಯಮದ ಶಿಕ್ಷಕಿ ಒಬ್ಬರು. ಆದ್ದರಿಂದ ಸುನಂದ ಹೆಚ್ಚುವರಿ, ಬೇರೆಡೆಗೆ ಹೋಗತಕ್ಕದ್ದು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ, ನಿಜ. ಸತ್ಯ ಬರೆದವರಿಗೆ ವರ್ಗಾವಣೆ ಇಲ್ಲ ಎಂದು ಯಾರೂ ಹೇಳಿಲ್ಲವಲ್ಲ.

ತಾಲ್ಲೂಕಿನ ಶಿಕ್ಷಣ ಕಚೇರಿಯಲ್ಲಿ ಗುಮಾಸ್ತ ಕೋದಂಡರಾಮಪ್ಪ ಕುರ್ಚಿ ಎಳೆದು ಕೂರಿಸಿ, ಟೀ ತರಿಸಿದರು. "ತಪ್ಪು ಕಣಮ್ಮ, ತಪ್ಪೇ. ನಂಗೆ ಕಾಣಲ್ವಾ? ಆದ್ರೆ ಲಾಕ್ ಆಗೋಗದೆ. ನಾವಿಲ್ಲಿ ನೋಡ್ಬೋದು ಅಷ್ಟೆ, ಮುಟ್ಟೋ ಹಂಗಿಲ್ಲ. ಕೋಲಾರದಲ್ಲಿ ಕೇಳಿ."

ಕೋಲಾರದ ಜಿಲ್ಲಾ ಕಚೇರಿಯಲ್ಲೂ ಕುರ್ಚಿ ಕೊಟ್ಟರು. ಬೀಗ ತೆಗೆಯುವವರು ಬೆಂಗಳೂರಿನವರು, ಅವರಿಗೆ ಬರೆಯಬೇಕಾದರೆ ತಾಲ್ಲೂಕಿನ ಪತ್ರ ಬೇಕು ಎಂದರು. ತಾಲ್ಲೂಕಿನವರು ಪತ್ರ ಕೊಡಬೇಕಾದರೆ ಕ್ಲಸ್ಟರ್‌ನ ವರದಿ ಬೇಕು ಎಂದರು. ಯಾರೊಬ್ಬರೂ ಗದರಲಿಲ್ಲ, ಯಾರೊಬ್ಬರೂ ಇಲ್ಲ ಎನ್ನಲಿಲ್ಲ. ಒಬ್ಬರಾದರೂ ಬೈದಿದ್ದರೆ ಜಗಳವಾಡಿ ಅತ್ತಾದರೂ ಬರಬಹುದಿತ್ತು. ಎಲ್ಲರೂ ಪಾಪ ಎನ್ನುವ ಕಡೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ವರದಿ ಬರೆಯಲು ಕ್ಲಸ್ಟರ್ ಅಧಿಕಾರಿ ಉಮಾಶಂಕರ್ ಬೈಕಿನಲ್ಲಿ ಬಂದರು. ಸುತ್ತಲ ಹನ್ನೆರಡು ಶಾಲೆಗಳ ಉಸ್ತುವಾರಿ ಅವರದು, ಒಳ್ಳೆಯ ಮನುಷ್ಯ. ಮಕ್ಕಳಿಂದ ಕನ್ನಡ ಪಾಠ ಓದಿಸಿದರು, ಉಕ್ತಲೇಖನ ಬರೆಸಿದರು, ತಲೆದೂಗಿದರು. ಆದರೆ ಅವರ ಕೈಯಲ್ಲಿದ್ದ ನಮೂನೆಯಲ್ಲಿ ಓದಿಗೆ ಜಾಗವೇ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ಮೂರನೇ ತರಗತಿಯ ಮೌನಿಕಾಳನ್ನು ಎಬ್ಬಿಸಿ ಕೇಳಿದರು: "ಮನೇಲಿ ಯಾವ ಭಾಷೆ ಮಾತಾಡ್ತೀಯಮ್ಮಾ?"

ಮೌನಿಕಾ ಮೇಡಮ್ಮಿನ ಮುಖ ನೋಡಿದಳು. ಸುನಂದ ಕಿಟಕಿಯ ಕಡೆ ತಿರುಗಿಕೊಂಡರು. ಸುಳ್ಳು ಹೇಳು ಎಂದು ಕಣ್ಣಿನಲ್ಲೂ ಹೇಳಲಾಗಲಿಲ್ಲ.

"ಮನೆಯಲ್ಲಿ ನಾವು ತೆಲುಗು ಮಾತನಾಡುತ್ತೇವೆ, ಸಾರ್." ಪುಸ್ತಕದ ಕನ್ನಡ, ಒಂದು ಅಕ್ಷರ ತಪ್ಪಿಲ್ಲ.

ಉಮಾಶಂಕರ್ ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಹದಿನಾಲ್ಕು ಮಕ್ಕಳನ್ನೂ ಕೇಳಿದರು, ಹದಿನಾಲ್ಕನ್ನೂ ಬರೆದುಕೊಂಡರು. "ನಾನೇನ್ ಮಾಡ್ಲಿ ಮೇಡಂ, ಕೇಳಿದ್ದು ಬರೀಬೇಕು" ಎಂದು ಹೋಗುವಾಗ ಬೈಕಿಗೆ ಹೇಳಿದಂತೆ ಹೇಳಿ ಹೋದರು.

ವರದಿಯೂ ತೆಲುಗು ಎಂದೇ ಹೇಳಿತು, ಪಟ್ಟಿ ಅಂತಿಮವಾಯಿತು. ಕೌನ್ಸೆಲಿಂಗ್‌ನಲ್ಲಿ ಸುನಂದ ಅವರ ಸರದಿ ಬರುವ ಹೊತ್ತಿಗೆ ಉಳಿದಿದ್ದು ಮಾಲೂರು ತಾಲ್ಲೂಕಿನಲ್ಲಿ, ಟೇಕಲ್ ಹತ್ತಿರದ ಒಂದು ಶಾಲೆ. ಮಾಮಿಡಿಗುಂಟೆಗೆ ವಾರಕ್ಕೆ ಎರಡು ದಿನ ಪಕ್ಕದೂರಿನಿಂದ ಯಾರನ್ನಾದರೂ ಕಳಿಸುತ್ತೇವೆ ಎಂದರು. ವಾರಕ್ಕೆ ಎರಡು ದಿನದ ಕನ್ನಡ ಎಷ್ಟು ದಿನ ನಿಲ್ಲುತ್ತದೆ ಎಂಬುದು ಸುನಂದ ಅವರಿಗೆ ಗೊತ್ತಿತ್ತು. ಈ ಮಕ್ಕಳು ಆರನೇ ತರಗತಿಗೆ ಹೊರಗಿನ ಊರಿಗೆ ಹೋಗುತ್ತವೆ, ಅಲ್ಲಿ ಬಾಯಿ ತೆರೆಯುತ್ತವೆ, ತರಗತಿ ನಗುತ್ತದೆ.

ಕೊನೆಯ ದಿನ ಬೀರುವಿನ ಪುಸ್ತಕಗಳನ್ನು ಜೋಡಿಸುತ್ತಿದ್ದಾಗ ಮೌನಿಕಾಳ ಅಜ್ಜಿ ಮುನಿಯಲ್ಲಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ಕೂತು ಕಣ್ಣು ಒರೆಸಿಕೊಂಡರು. ಆ ಮುದುಕಿಗೆ ಕನ್ನಡ ಬಾರದು, ತೆಲುಗಿನಲ್ಲೇ ಹೇಳಿಕೊಂಡರು. ನಾಲ್ಕು ದಿನದಿಂದ ಈ ಹುಡುಗಿ ನನ್ನ ಹತ್ತಿರ ಮಾತೇ ಆಡುತ್ತಿಲ್ಲ. ಅವರಪ್ಪನ ಹತ್ತಿರ ಕನ್ನಡದಲ್ಲಿ ಏನೇನೋ ಅನ್ನುತ್ತಾಳೆ. ನಾನು ಊಟಕ್ಕೆ ಕರೆದರೆ ತಲೆಯಾಡಿಸುತ್ತಾಳೆ, ತಲೆ ಬಾಚಿದರೆ ಸುಮ್ಮನೆ ಕೂರುತ್ತಾಳೆ. ಮನೆಯಲ್ಲಿ ತೆಲುಗು ಆಡಿದ್ದಕ್ಕೇ ಮೇಡಮ್ಮನ್ನು ಕಳಿಸುತ್ತಿದ್ದಾರೆ ಎಂದು ಡೈರಿಯ ಹತ್ತಿರ ಯಾರೋ ಆಡಿಕೊಂಡದ್ದನ್ನು ಕೇಳಿಸಿಕೊಂಡಿದ್ದಾಳೆ. ನನಗೆ ಇನ್ನೊಂದು ಭಾಷೆ ಎಲ್ಲಿಂದ ತರಲಿ, ನೀನೇ ಹೇಳು ತಾಯಿ.

ಸುನಂದ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. ಗೇಟಿನ ಒಳಗೆ ತೆಲುಗು ಬೇಡ ಎಂದವರು ತಾವೇ. ಕಾಲಂನಲ್ಲಿ ತೆಲುಗು ಎಂದು ಬರೆದವರೂ ತಾವೇ. ಮೌನಿಕಾಳ ಮುಂದೆ ಮಂಡಿಯೂರಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡು, ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಗೋಡೆಗಳ ನಡುವೆ ತಮ್ಮ ಅಮ್ಮನ ಮಾತು ಆಡಿದರು.

"ಅವ್ವತೋ ಮಾಟ್ಲಾಡು, ತಲ್ಲೀ." ಅಜ್ಜಿಯ ಜೊತೆ ಮಾತಾಡು, ತಾಯಿ ಎಂದು.

ಮೌನಿಕಾಳ ಕಣ್ಣುಗಳು ಅಗಲವಾದವು. ತಿರುಗಿ ಗೇಟಿನ ಕಡೆ ನೋಡಿದಳು. ಬೈಕು ಯಾವುದೂ ಇರಲಿಲ್ಲ. ಆದರೂ ಮೇಡಮ್ಮಿನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ನಿಮ್ಗೂ ಬರುತ್ತಾ ಮೇಡಂ? ಮೆಲ್ಲಗೆ ಮಾತಾಡಿ. ಬರ್ಕೊಂಡ್ಬಿಡ್ತಾರೆ."