ಎರಡು ಚೀಲ, ಒಂದು ಮರಿ

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹತ್ತಾಗುವಾಗ ಆಸ್ಟ್ರೇಲಿಯಾದಲ್ಲಿ ಮಕ್ಕಳು ಶಾಲೆ ಬಿಟ್ಟು ಮನೆಗೆ ಹೊರಟಿರುತ್ತವೆ. ಇದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಅದೂ ಮೊಬೈಲಿನಿಂದ. ಅಲ್ಲಿನ ಶಿಶುವಿಹಾರದ ಮೇಡಂ ಒಬ್ಬರು ಹೋದ ವರ್ಷ ನಮ್ಮೂರಿಗೆ ಬಂದಿದ್ದರು. ಅಪ್ಪ ಬೊಂಬೆ ಕಡೆಯುವ ಲೇತಿನ ಮುಂದೆ ಅರ್ಧ ದಿನ ಕೂತು, ತಮ್ಮ ದೇಶದ ಪ್ರಾಣಿಗಳನ್ನೆಲ್ಲ ಮರದ ಬೊಂಬೆ ಮಾಡಿಕೊಡಿ ಎಂದು ಕೇಳಿ ಹೋದರು. ಆಮೇಲೆ ವಾರಕ್ಕೊಂದು ವೀಡಿಯೊ ಕಾಲ್. ಅವರ ಇಂಗ್ಲಿಷನ್ನು ನಾನು ಅಪ್ಪನಿಗೆ ಕನ್ನಡ ಮಾಡಿ ಹೇಳಬೇಕು, ಅಪ್ಪನ ಕನ್ನಡವನ್ನು ಸ್ವಲ್ಪ ಸೋಸಿ ಅವರಿಗೆ ಹೇಳಬೇಕು.

ಅಪ್ಪನಿಗೆ ಅಷ್ಟರಲ್ಲಾಗಲೇ ಕೈ ನಡುಕ ಶುರುವಾಗಿತ್ತು. ಅಂಗಡಿಯವರು ಒಬ್ಬೊಬ್ಬರಾಗಿ ಕೆಲಸ ಕೊಡುವುದನ್ನು ನಿಲ್ಲಿಸಿದ್ದರು. "ಇದೊಂದು ಮಾಡ್ಬುಟ್ಟು ಮಿಷನ್ ನಿಲ್ಲಿಸ್ಬುಡ್ತೀನಿ ಕಣವ್ವ. ಇದೊಂದು ನೆಟ್ಟಗೆ ಆಗ್ಲಿ" ಅಂದಿದ್ದ. ಐವತ್ತು ವರ್ಷ ಬೊಂಬೆ ಕಡೆದ ಮನುಷ್ಯ. ಕೊನೆಯ ಕೆಲಸ ಬೇಡವೆಂದು ವಾಪಸು ಬಂದರೆ ಇವನು ಹಾಸಿಗೆ ಹಿಡಿಯುತ್ತಾನೆ ಎಂದು ನನಗೆ ಭಯ. ಆ ಭಯಕ್ಕೇ ಇರಬೇಕು, ಆಗೆಲ್ಲ ಕಂಡವರ ಮೇಲೆ ರೇಗುತ್ತಿದ್ದೆ.

ಆ ತಿಂಗಳುಗಳು ನೆನಪಿನಲ್ಲಿ ಮಸುಕುಮಸುಕಾಗಿ ಉಳಿದಿವೆ. ಲೇತಿನ ಗುಯ್ ಎನ್ನುವ ಸದ್ದು, ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ತಾಗಿ ಕರಗುವ ವಾಸನೆ, ಕಿಟಕಿಯ ಬಿಸಿಲಲ್ಲಿ ತೇಲುವ ಮರದ ಪುಡಿ, ಅದರ ನಡುವೆ ಫೋನಿನ ಪರದೆಯೊಳಗೆ ಇನ್ನೊಂದು ದೇಶದ ಇಳಿಹೊತ್ತು. ಅಲ್ಲಿ ಟೋಪಿ ಇಲ್ಲದ ಮಗುವನ್ನು ಬಿಸಿಲಲ್ಲಿ ಆಡಲು ಬಿಡುವುದಿಲ್ಲ. ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ, ಜನ ಸಮುದ್ರದ ದಂಡೆಗೆ ಹೋಗಿ ಹಬ್ಬ ಮಾಡುತ್ತಾರೆ. ನಮ್ಮ ಕಿಟಕಿಯಾಚೆ ನಿಂತ ನೀಲಗಿರಿ ಮರ ಕಂಡು ಮೇಡಂ, ಅದು ನಮ್ಮ ದೇಶದ ಮರ, ನನ್ನ ಮನೆಯ ಹಿಂದೆಯೂ ಇದೆ ಎಂದು ಮುಖವನ್ನು ಪರದೆಯ ಹತ್ತಿರಕ್ಕೆ ತಂದರು. ಅಪ್ಪ ತಲೆಯೆತ್ತದೆ, "ಅವ್ರ ಮರ ಬಂದು ನಮ್ ಬಾವಿ ನೀರ್ನೆಲ್ಲಾ ಕುಡ್ಕಂತು ಅನ್ನು. ನಮ್ ಬೊಂಬೆ ಅಲ್ಲಿಗೋಗಿ ಏನೂ ಕುಡಿಯಾಕಿಲ್ಲ" ಅಂದ. ಅಪ್ಪನಿಗೆ ತುಂಬ ಸಂತೋಷವಾಯಿತಂತೆ ಎಂದು ನಾನು ಹೇಳಿದೆ.

ಒಂದು ದಿನ ಅವರು ಬೆಳಗಿನ ತರಗತಿಯ ವೀಡಿಯೊ ತೋರಿಸಿದರು. ಪುಟ್ಟ ಮಕ್ಕಳು ಸುತ್ತಲೂ ಕೂತು, ಅಂಗೈಯನ್ನು ನೆಲಕ್ಕೆ ಒತ್ತಿ, ಎಲ್ಲರಿಗಿಂತ ಮೊದಲು ಆ ನೆಲದಲ್ಲಿ ಬಾಳಿದ ಜನರನ್ನು ನೆನೆಯುತ್ತಿದ್ದವು. ಅಪ್ಪ ಲೇತ್ ಆಫ್ ಮಾಡಿ ನೋಡಿದ. "ನೆಲ ಮುಟ್ಟಿ ನಮಸ್ಕಾರ ಮಾಡಾದು ಒಳ್ಳೇದೇಯ. ಆ ಜನ ನೆಲವ ತಾವಾಗೇ ಕೊಟ್ರಾ, ಇವ್ರೇ ತಕ್ಕಂಡ್ರಾ, ಕೇಳು" ಅಂದ. ಈ ಸಲ ನಾನು ಸೋಸಲಿಲ್ಲ. ಮೇಡಂ, "ಕೇಳದೆ ತೆಗೆದುಕೊಂಡೆವು. ಅವರ ಮಕ್ಕಳನ್ನೂ ಮಡಿಲಿನಿಂದ ಕಿತ್ತು ಒಯ್ದ ಕಾಲವೊಂದಿತ್ತು" ಎಂದರು. ಅಪ್ಪ "ಕೂಸುಗಳ್ನಾ?" ಎಂದು ಕೇಳಿದ, ಅಷ್ಟೇ. ಅವತ್ತು ಮತ್ತೆ ಮಿಷನ್ ಹಾಕಲಿಲ್ಲ.

ಇನ್ನೊಂದು ದಿನ ಮಾತಾಡುತ್ತಿದ್ದಾಗ ಮೇಡಂ ಹಿಂದೆ ಮಕ್ಕಳನ್ನು ಕರೆದೊಯ್ಯಲು ಬಂದವರು ಕಂಡರು. ಅರ್ಧಕ್ಕರ್ಧ ಗಂಡಸರೇ. ಒಬ್ಬ ಎತ್ತರದ ಮನುಷ್ಯ ಬಟ್ಟೆಯ ಚೀಲದಲ್ಲಿ ಎಳೆಗೂಸನ್ನು ಎದೆಗೆ ಕಟ್ಟಿಕೊಂಡು, ದೊಡ್ಡದನ್ನು ಕೈಹಿಡಿದು ನಡೆಸಿಕೊಂಡು ಹೋದ. ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಅಪ್ಪ ಮಾತ್ರ ಅವನು ಮರೆಯಾಗುವವರೆಗೂ ನೋಡಿದ.

ಎಮು, ಕೊವಾಲಾ ಎಲ್ಲ ಮುಗಿದು ಕೊನೆಗೆ ಉಳಿದದ್ದು ಕಾಂಗರೂ. ಪಾರ್ಸೆಲ್ ಕಳಿಸುವ ಹಿಂದಿನ ದಿನ ಅಪ್ಪ ಅದನ್ನು ಕಡೆದು ತಂದು ಜಗಲಿಯ ಮೇಲಿಟ್ಟ. ಮೇಡಂ ಕೇಳಿದ್ದು ಒಂದೊಂದೇ, ಇವನು ಉಳಿದವುಗಳಂತೆ ಇದನ್ನೂ ಜೋಡಿ ಮಾಡಿದ್ದ. ನಮ್ಮ ಮನೆಯಲ್ಲಿ ಬೊಂಬೆಯನ್ನು ಒಂಟಿಯಾಗಿ ಕೊಡುವ ರೂಢಿಯೇ ಇಲ್ಲ. ರಾಜನಿದ್ದರೆ ರಾಣಿ ಇರಬೇಕು. ಎರಡನ್ನೂ ಒಂದೇ ಅಳತೆಗೆ ಕಡೆದು, ಗಂಡಿಗೆ ಮೀಸೆ, ಹೆಣ್ಣಿಗೆ ಕುಂಕುಮ ಬರೆದರೆ ಆಯಿತು. ಅಪ್ಪ ಕಾಂಗರೂವಿಗೂ ಹಾಗೇ ಮಾಡಿದ್ದ. ಎರಡರ ಹೊಟ್ಟೆಯಲ್ಲೂ ಗುಳಿ ಕೊರೆದು ಚೀಲ ಮಾಡಿದ್ದ. ಬೆರಳುದ್ದದ ಮರಿ ಮಾತ್ರ ಒಂದೇ. ಅದು ಮೀಸೆಯ ಕಾಂಗರೂವಿನ ಚೀಲದಲ್ಲಿ ಕೂತಿತ್ತು.

ನನಗೆ ತಲೆ ಕೆಟ್ಟುಹೋಯಿತು. "ಏನಪ್ಪ ಇದು, ಗಂಡಿಗೆಲ್ಲಿ ಚೀಲ ಇರ್ತದೆ? ಅಲ್ಲಿ ಎಳೇ ಮಕ್ಳಿಗೂ ಗೊತ್ತಿರ್ತದೆ, ನೋಡಿ ನಗಾಡ್ತವೆ. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಅವತ್ತು ಫೋನ್ನಲ್ಲಿ ನೋಡ್ಲಿಲ್ವಾ, ಆವಯ್ಯ ಎದೆಗೆ ಚೀಲ ಕಟ್ಕಂಡಿದ್ದ" ಅಂದ ಅಪ್ಪ.

"ಅವನು ಮನುಷ್ಯ ಕಣಪ್ಪ. ಇದು ಪ್ರಾಣಿ."

ಅಪ್ಪ "ಮೀಸೇದ ಒಲೆಗಾಕ್ಬುಡು, ಬೇರೇದು ಕಡ್ಕೊಡ್ತೀನಿ" ಎಂದು ಲೇತಿನ ಮುಂದೆ ಕೂತ. ಉಳಿ ಸಿಕ್ಕಿಕೊಂಡು ಮೊದಲ ತುಂಡು ಸೀಳಿಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಅವನ ಕೈ ಎಷ್ಟು ನಡುಗಿತೆಂದರೆ ನಾನೇ ಸ್ವಿಚ್ ಆರಿಸಿದೆ. ಒಲೆಗೆ ಹಾಕು ಎಂದ ಬೊಂಬೆಯನ್ನು ಎತ್ತಿ ನೋಡಿದೆ. ಇಡೀ ಆರ್ಡರಿನಲ್ಲಿ ಅಷ್ಟು ನುಣುಪಾದ ಬೊಂಬೆ ಇನ್ನೊಂದಿರಲಿಲ್ಲ.

"ಇದ್ನ ಹೆಂಗ್ ಮಾಡ್ದೆ ಮತ್ತೆ?" ಅಂದೆ.

"ಅದ ಮಾಡಾಗ ನೀ ಕೂಸಾಗಿದ್ದ ಗ್ಯಾನ ಬಂದಿತ್ತು" ಅಂದ.

ನಾನು ಹುಟ್ಟಿ ಹದಿನೈದನೆಯ ದಿನಕ್ಕೆ ಅವ್ವ ತೀರಿಕೊಂಡಳು. ಅದು ನನಗೆ ಗೊತ್ತಿತ್ತು. ಕೋಡಿಹಳ್ಳಿಯ ಸೋದರತ್ತೆ ಬಂದು, ಕೂಸನ್ನು ಕೊಡು, ನಾನು ಸಾಕುತ್ತೇನೆ ಎಂದು ಕೇಳಿದ್ದು, ಅಪ್ಪ ಕೊಡದೆ ಕಳಿಸಿದ್ದು ಗೊತ್ತಿರಲಿಲ್ಲ. "ಉಳಿ ಹಿಡಿಯಾಗ ನಿನ್ನ ಬೆನ್ಗೆ ಕಟ್ಕತಿದ್ದೆ, ಅರಗು ಹಚ್ಚಾಗ ಎದೇಗೆ. ಬೀದಿಯೋರು ಹೆಂಗಸ್ರಂಗೆ ಆಡ್ತಾನೆ ಅಂತ ನಗೋರು. ಮಿಷನ್ ತಿರುಗ್ತಿದ್ರೆ ನೀನು ಮಲಗ್ತಿದ್ದೆ, ನಿಂತ್ರೆ ಅಳ್ತಿದ್ದೆ. ಅದ್ಕೇಯ ಕೆಲ್ಸ ಇಲ್ದಿದ್ರೂವೆ ಬರೀ ಮರವ ತಿರುಗಿಸ್ಕಂಡು ಕೂತಿರ್ತಿದ್ದೆ" ಅಂದ.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಇವನನ್ನು ಒಂದು ಸಲವೂ ಏನೂ ಕೇಳಿರಲಿಲ್ಲವಲ್ಲ ಎನಿಸಿತು. ಆಗಲೇ ಮೇಡಂಗೆ ಫೋಟೊ ಕಳಿಸಿ ಇದ್ದದ್ದನ್ನು ಇದ್ದ ಹಾಗೇ ಬರೆದೆ. ತಪ್ಪಾಗಿದೆ, ತಿದ್ದುವ ಶಕ್ತಿ ಅಪ್ಪನ ಕೈಗೆ ಇಲ್ಲ, ತಪ್ಪು ಯಾಕಾಯಿತು ಎಂಬುದೂ ಈಗಷ್ಟೇ ಗೊತ್ತಾಯಿತು ಎಂದೆ. ಕಳಿಸಿದ ಮೇಲೆ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಗಳಿಗೆಗೊಂದು ಸಲ ಹೋಗಿ ನೋಡುತ್ತಿದ್ದೆ.

ಉತ್ತರ ಮರುದಿನ ಬೆಳಿಗ್ಗೆ ಬಂತು. ಗಂಡು ಕಾಂಗರೂವಿಗೆ ಚೀಲ ಇರುವುದಿಲ್ಲ, ಅದನ್ನು ಮಕ್ಕಳಿಗೆ ಹೇಳುತ್ತೇನೆ, ಈ ಗಂಡಿಗೆ ಯಾಕಿದೆ ಎಂಬುದನ್ನೂ ಹೇಳುತ್ತೇನೆ, ಎರಡನ್ನೂ ಕಳಿಸಿ ಎಂದು ಬರೆದಿದ್ದರು.

"ಒಪ್ಪಿದ್ರು ಕಣಪ್ಪ" ಅಂದೆ. ಅಪ್ಪ ತಲೆಯಾಡಿಸಿ ಹಳೆಯ ಪೇಪರ್ ಹರಿಯತೊಡಗಿದ. ಒಂದೊಂದೇ ಬೊಂಬೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು. ಮೇಡಂ ಪಾಠಕ್ಕೆ ಸರಿಹೋಗಲಿ ಎಂದು ನಾನು ಮರಿಯನ್ನು ತೆಗೆದು ಕುಂಕುಮದ ಕಾಂಗರೂವಿನ ಚೀಲದಲ್ಲಿ ಇಟ್ಟಿದ್ದೆ. ಮುಚ್ಚುವ ಮೊದಲು ಅಪ್ಪ ಕೈ ಹಾಕಿ ಅದನ್ನು ಹೊರಗೆತ್ತಿದ. ನಡುಗುವ ಬೆರಳುಗಳಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಮೀಸೆಯವನ ಚೀಲಕ್ಕೆ ಇಳಿಸಿದ. ಯಾಕಪ್ಪ ಎಂದು ಕೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಕುಂಕುಮದ ಬೊಂಬೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ.

"ನೀ ಒಸಿ ಮಲಿಕ್ಕೋ. ನಾನ್ ಎತ್ಕಂಡಿರ್ತೀನಿ."